ಓಬವ್ವನ ಪ್ರಸಂಗ: ತೆರೆಯ ಮೇಲೆ ಮುತ್ತಿಗೆಯೊಳಗಿನ ಜನ

ಓಬವ್ವನ ಪ್ರಸಂಗವು ‘ನಾಗರಹಾವು’ (1972) ಕನ್ನಡ ಚಲನಚಿತ್ರದಲ್ಲಿ ಹಾಡಿನ ರೂಪದಲ್ಲಿ ಬರುವ ಯುದ್ಧಕಥನ. ಹೈದರಾಲಿಯ ಸೈನ್ಯ ಚಿತ್ರದುರ್ಗವನ್ನು ಮುತ್ತಿದಾಗ ಕೋಟೆಯೊಳಗಿದ್ದ ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ಶತ್ರುಗಳನ್ನು ತಡೆದ ಕಥೆ ಇದರ ವಸ್ತು. ಚಿತ್ರದ ನಿರ್ದೇಶಕ ಎಸ್.ಆರ್. ಪುಟ್ಟಣ್ಣ ಕಣಗಾಲ್, ನಿರ್ಮಾಪಕ ಎನ್. ವೀರಾಸ್ವಾಮಿ, ಸಂಗೀತ ವಿಜಯಭಾಸ್ಕರ್ ಅವರದು. ಓಬವ್ವನಾಗಿ ಜಯಂತಿ ಅಭಿನಯಿಸಿದ್ದಾರೆ, ಹಾಡು ಪಿ.ಬಿ. ಶ್ರೀನಿವಾಸ್ ಕಂಠದಲ್ಲಿದೆ.

‘ನಾಗರಹಾವು’ ಯುದ್ಧದ ಚಿತ್ರವಲ್ಲ. ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು, ಅಂದರೆ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ಗಳನ್ನು ಆಧರಿಸಿದ ಅದರ ಮುಖ್ಯ ಕಥೆ ರಾಮಾಚಾರಿ ಎಂಬ ಮುಂಗೋಪಿ ಯುವಕನದು, ಅವನನ್ನು ಮಗನಂತೆ ಕಂಡ ಚಾಮಯ್ಯ ಮೇಷ್ಟ್ರದು. ವಿಷ್ಣುವರ್ಧನ್ ನಾಯಕರಾಗಿ ಹೆಸರಾದದ್ದು, ಅಂಬರೀಷ್ ತೆರೆಗೆ ಬಂದದ್ದು ಈ ಚಿತ್ರದಿಂದಲೇ. ಆದರೂ ಕೆಲವೇ ನಿಮಿಷಗಳ ಓಬವ್ವನ ಭಾಗ, ಪೂರ್ಣಾವಧಿಯ ಎಷ್ಟೋ ಐತಿಹಾಸಿಕ ಚಿತ್ರಗಳಿಗೆ ಸಿಗದ ಸ್ಥಾನವನ್ನು ಕನ್ನಡಿಗರ ಮನಸ್ಸಿನಲ್ಲಿ ಪಡೆದಿದೆ. ಕಾರಣ ಸ್ಪಷ್ಟ. ಅಲ್ಲಿ ಯುದ್ಧ ಕಾಣುವುದು ಸಿಂಹಾಸನದ ಕಡೆಯಿಂದಲ್ಲ, ಅಡುಗೆಮನೆಯ ಕಡೆಯಿಂದ.

ಅದಕ್ಕೂ ಮುಂಚಿನ ಕನ್ನಡ ಐತಿಹಾಸಿಕಗಳನ್ನು ನೆನೆದರೆ ಈ ವ್ಯತ್ಯಾಸ ತಿಳಿಯುತ್ತದೆ. ‘ರಣಧೀರ ಕಂಠೀರವ’ (1960) ದೊರೆಯ ಕಥೆ, ಬಿ.ಆರ್. ಪಂತುಲು ನಿರ್ದೇಶನದ ‘ಕಿತ್ತೂರು ಚೆನ್ನಮ್ಮ’ (1961) ರಾಣಿಯ ಕಥೆ. ಅವರದೇ ‘ಶ್ರೀಕೃಷ್ಣದೇವರಾಯ’ (1970) ಸಾಮ್ರಾಟನ ಕಥೆ. ಪ್ರಜೆಗಳು ಅಲ್ಲಿ ಜಯಕಾರ ಹಾಕುತ್ತಾರೆ, ಇಲ್ಲವೇ ಕಣ್ಣೀರು ಹಾಕುತ್ತಾರೆ. ಓಬವ್ವನ ಕಥೆಯಲ್ಲಿ ದೊರೆ ದೂರದಲ್ಲಿದ್ದಾನೆ. ಹತ್ತಿರ ಇರುವುದು ಊಟಕ್ಕೆ ಬಂದ ಗಂಡ, ಬರಿದಾದ ಬಿಂದಿಗೆ, ಮೂಲೆಯಲ್ಲಿ ನಿಂತ ಒನಕೆ.

ಜನ ಹೇಳಿಕೊಂಡು ಬಂದ ಕಥೆ ಹೀಗಿದೆ. ಕಹಳೆ ಊದುವ ಕಾವಲುಗಾರ ಮುದ್ದಹನುಮ ಊಟಕ್ಕೆ ಮನೆಗೆ ಬರುತ್ತಾನೆ. ಅವನಿಗೆ ಕುಡಿಯಲು ನೀರು ತರಲು ಓಬವ್ವ ಬಂಡೆಗಳ ನಡುವಿನ ತಣ್ಣೀರು ದೋಣಿಗೆ ಹೋಗುತ್ತಾಳೆ. ಹತ್ತಿರದ ಕಿಂಡಿಯಲ್ಲಿ ಪಿಸುಮಾತು ಕೇಳುತ್ತದೆ. ಒಬ್ಬೊಬ್ಬರಾಗಿಯೇ ನುಸುಳಬೇಕಾದ ಕಿರಿದಾದ ಕಂಡಿ ಅದು. ಊಟಕ್ಕೆ ಕುಳಿತವನನ್ನು ಎಬ್ಬಿಸಲು ಮನಸ್ಸಾಗದೆ ಆಕೆ ಒನಕೆ ತಂದು ನಿಲ್ಲುತ್ತಾಳೆ. ತಲೆ ತೂರಿಸಿದವನಿಗೆ ಒಂದೇ ಪೆಟ್ಟು, ಆಮೇಲೆ ಹೆಣವನ್ನು ಪಕ್ಕಕ್ಕೆಳೆದು ಮತ್ತೊಬ್ಬನಿಗಾಗಿ ಕಾಯುವುದು. ಗಂಡ ಬಂದು ನೋಡಿ ಕಹಳೆ ಊದುತ್ತಾನೆ, ಪಡೆ ಸಜ್ಜಾಗುತ್ತದೆ. ಓಬವ್ವ ಅಂದೇ ಪ್ರಾಣ ಬಿಡುತ್ತಾಳೆ. ‘ಓಬವ್ವನ ಕಿಂಡಿ’ ಎಂದು ಹೆಸರಾದ ಆ ಜಾಗ, ಪಕ್ಕದ ತಣ್ಣೀರು ದೋಣಿ ಎರಡೂ ಈಗಲೂ ಇವೆ. ಪುಟ್ಟಣ್ಣ ಚಿತ್ರೀಕರಣವನ್ನು ಕೋಟೆಯಲ್ಲೇ ನಡೆಸಿದ್ದರಿಂದ ಬಂಡೆಗಳ ಇಕ್ಕಟ್ಟು, ಬಿಸಿಲು, ಆಳ ಎಲ್ಲವೂ ತೆರೆಯ ಮೇಲೆ ನಿಜವಾಗಿ ಉಳಿದಿವೆ. ಜಯಂತಿಯವರ ಮುಖದಲ್ಲಿ ಮೊದಲು ಹೆದರಿಕೆ, ಬಳಿಕ ರೌದ್ರ. ಅಷ್ಟು ಚಿಕ್ಕ ಅವಧಿಯಲ್ಲಿ ಆ ಬದಲಾವಣೆಯನ್ನು ನಂಬಿಸಿದ್ದು ಅವರ ಅಭಿನಯದ ದೊಡ್ಡ ಸಾಧನೆ.

ಕೋಟೆಯೆಂದರೆ ಸೈನಿಕರ ಠಾಣೆ ಮಾತ್ರವಲ್ಲ, ಊರೇ ಒಳಗೆ ಸೇರಿಕೊಳ್ಳುವ ಆಸರೆ ಎಂಬುದಕ್ಕೆ ಚಿತ್ರದುರ್ಗದ ಏಳುಸುತ್ತಿನ ಕೋಟೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಒಳಗೆ ಕಣಜಗಳಿವೆ, ಎಣ್ಣೆಕೊಳಗಳಿವೆ, ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಗುಡಿಗಳಿವೆ. ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಗುಡ್ಡದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅದರ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಗಳಿವೆ. ಈ ಏರ್ಪಾಡಿಲ್ಲದಿದ್ದರೆ ಮುತ್ತಿಗೆ ತಡೆದುಕೊಳ್ಳುವುದು ಅಸಾಧ್ಯವಿತ್ತು.

1779ರಲ್ಲಿ ಕೋಟೆ ಹೈದರನ ವಶವಾಯಿತು. ದುರ್ಗದ ದೊರೆ, ಕೊನೆಯ ಮದಕರಿನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕಳಿಸಲಾಯಿತು. ಜನರಿಗೂ ಉಳಿಗಾಲವಿರಲಿಲ್ಲ: ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿ, ಅವರ ಹುಡುಗರಿಂದ ‘ಚೇಲಾ’ ಪಡೆಗಳನ್ನು ಕಟ್ಟಿದ ಸಂಗತಿ ಮೈಸೂರಿನ ಇತಿಹಾಸಗ್ರಂಥಗಳಲ್ಲಿ ದಾಖಲಾಗಿದೆ. ಚಿತ್ರದ ಹಾಡು ಓಬವ್ವನ ಶೌರ್ಯಕ್ಕೆ ನಿಂತುಬಿಡುತ್ತದೆ; ಈ ವಲಸೆಯ ಕಡೆಗೆ ತಿರುಗುವುದಿಲ್ಲ. ಆ ಪತನದ ಕಥೆಯನ್ನು ತ.ರಾ.ಸು. ಮುಂದೆ ‘ದುರ್ಗಾಸ್ತಮಾನ’ ಕಾದಂಬರಿಯಲ್ಲಿ ವಿಸ್ತಾರವಾಗಿ ಬರೆದರು. 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ದುರ್ಗದಲ್ಲಿ ನೀರು ಮುತ್ತಿಗೆಗೆ ಆಸರೆಯಾದಂತೆ, ನೀರೇ ಯುದ್ಧವನ್ನು ತೀರ್ಮಾನಿಸಿದ ಜಾಗವೊಂದು ಗಡಿಯಾಚೆ ಮಹಾರಾಷ್ಟ್ರದಲ್ಲಿದೆ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು ಕನ್ನಡ ಮಾತಾಡುವ ಹಳ್ಳಿಗಳ, ಬರಕ್ಕೆ ಪದೇ ಪದೇ ತುತ್ತಾಗುವ ಸೀಮೆ. ಅಲ್ಲಿನ ಉಮರಾಣಿಯಲ್ಲಿ 1673ರ ಏಪ್ರಿಲ್ ಬೇಸಗೆಯಲ್ಲಿ ಶಿವಾಜಿಯ ಸರನೌಬತ್ (ಸೇನಾಪತಿ) ಪ್ರತಾಪರಾವ್ ಗುಜರ್, ಬಿಜಾಪುರದ ಸರದಾರ ಬಹಲೋಲ್ ಖಾನನ ಸೈನ್ಯಕ್ಕೆ ನೀರು ಸಿಗದಂತೆ ಮಾಡಿ ಸೋಲಿಸಿದ. ಸೋತವನನ್ನು ಹೋಗಗೊಟ್ಟದ್ದಕ್ಕೆ ಶಿವಾಜಿ ಮುನಿದ. 1674ರ ಫೆಬ್ರುವರಿಯಲ್ಲಿ ನೆಸರಿಯ ಬಳಿ ಪ್ರತಾಪರಾವ್ ಆರು ಸವಾರರೊಂದಿಗೆ ಅದೇ ಖಾನನ ಪಡೆಯ ಮೇಲೆ ನುಗ್ಗಿ ಮಡಿದ. ಈ ಏಳು ಮಂದಿಯ ಬಗ್ಗೆ ಮರಾಠಿಯಲ್ಲಿ ಕುಸುಮಾಗ್ರಜರ ಹೆಸರಾಂತ ಕವಿತೆಯಿದೆ. 2022ರಲ್ಲಿ ಇದೇ ವಸ್ತುವಿನ ಮೇಲೆ ಮಹೇಶ್ ಮಾಂಜ್ರೇಕರ್ ನಿರ್ದೇಶನದ ಚಿತ್ರವೊಂದು ಘೋಷಣೆಯಾಯಿತು. ಸೇನಾನಿಗಳಿಬ್ಬರ ಹೆಸರು ಹೀಗೆ ಉಳಿಯಿತು. ಸೈನ್ಯಗಳು ಸುತ್ತುವರಿದಿದ್ದ ನೀರು ದಿನವೂ ಯಾರ ಬಿಂದಿಗೆ ತುಂಬುತ್ತಿತ್ತೋ ಆ ಊರವರ ಹೆಸರು ಎಲ್ಲೂ ಇಲ್ಲ.

ಸಾಮಾನ್ಯರ ಪಾಡಿನಿಂದ ಯುದ್ಧವನ್ನು ನೋಡುವ ಕ್ರಮ ಜಗತ್ತಿನ ಸಿನಿಮಾದಲ್ಲಿ ಹೊಸದಲ್ಲ. ಇಟಲಿಯ ವಿತ್ತೋರಿಯೊ ಡಿ ಸಿಕಾ 1960ರಲ್ಲಿ ತಾಯಿ ಮಗಳಿಬ್ಬರು ಬಾಂಬ್ ದಾಳಿಗೆ ಅಂಜಿ ರೋಮ್ ಬಿಟ್ಟು ಹಳ್ಳಿಗೆ ಓಡುವ ಕಥೆಯನ್ನು ಚಿತ್ರಿಸಿದರು. ಆ ತಾಯಿಯ ಪಾತ್ರಕ್ಕೆ ಸೋಫಿಯಾ ಲೊರೆನ್ ಆಸ್ಕರ್ ಪಡೆದರು. ಕನ್ನಡದಲ್ಲಿ ಆ ನೋಟಕ್ಕೆ ದಾರಿ ತೆರೆದದ್ದು ಓಬವ್ವನ ಪ್ರಸಂಗ.

‘ನಾಗರಹಾವು’ 2018ರ ಜುಲೈನಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ಬಿಡುಗಡೆಯಾಯಿತು. 2021ರಿಂದ ಕರ್ನಾಟಕ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ಉಮರಾಣಿಯ ಕದನವನ್ನು ಊರವರ ಕಣ್ಣಿನಿಂದ ಹೇಳುವ ಚಿತ್ರವನ್ನು ಕನ್ನಡದವರಾಗಲಿ ಮರಾಠಿಯವರಾಗಲಿ ಕೈಗೆತ್ತಿಕೊಳ್ಳಬೇಕು.