ಭಟ್ಟಿಯ ಬೂದಿ

ಸುವರ್ಣ ಮಹೋತ್ಸವ ಸಂಚಿಕೆಗೆ ನಮ್ಮ ಸೀಮೆಯ ಚರಿತ್ರೆಯ ಬಗ್ಗೆ ಏನಾದರೂ ಬರೆಯಿರಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಭತ್ತದ ಹೊಟ್ಟಿನ ಬೂದಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದ ಅಪ್ಪ ರಾತ್ರಿ ಮನೆಗೆ ಬಂದರೆ ಹುಬ್ಬಿನ ಮೇಲೂ ಅದೇ ಬೂದಿ. ಪಾತ್ರೆ ಉಜ್ಜಿ ಉಳಿದದ್ದು ತಿಪ್ಪೆಗೆ. ಅದು ಸಿಮೆಂಟಿಗೆ ಸೇರುವ ವಸ್ತು ಎಂದು ತಿಳಿದದ್ದು ಬಿ.ಇ. ಸಿವಿಲ್ ಓದುವಾಗ. (ಓದಿದ್ದು ಸಿವಿಲ್, ಮಾಡುತ್ತಿರುವುದು ಸಾಫ್ಟ್‌ವೇರ್, ಅದು ಬೇರೆ ಕಥೆ.)

ಈ ಬೂದಿ ಭದ್ರಾ ನಾಲೆಯ ಬೆನ್ನಿಗೇ ಬಂತು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ದಾವಣಗೆರೆ, ಹರಿಹರದ ಸುತ್ತ ಅಕ್ಕಿ ಗಿರಣಿಗಳು ಎದ್ದವು. ಒಂದು ಕ್ವಿಂಟಾಲ್ ಭತ್ತಕ್ಕೆ ಸುಮಾರು 20 ಕೆ.ಜಿ. ಹೊಟ್ಟು, ಅದನ್ನು ಸುಟ್ಟರೆ 4 ಕೆ.ಜಿ. ಬೂದಿ. ದನವೂ ಮೂಸದ ಹೊಟ್ಟು ಗಿರಣಿಯ ಬಾಯ್ಲರಿಗೂ ಭಟ್ಟಿಯ ಒಲೆಗೂ ಉರುವಲಾಯಿತು.

ಬೂದಿಯ ಬಹುಪಾಲು ಸಿಲಿಕಾ. ಸಿಮೆಂಟಿಗೆ ನೀರು ಬೆರೆತಾಗ ಹೊರಬರುವ ಸುಣ್ಣದೊಡನೆ ಅದು ಕೂಡಿ ಗಟ್ಟಿ ಅಂಟಾಗುತ್ತದೆ. ನಮ್ಮ ಹಿರಿಯರಿಗೆ ಈ ಗುಟ್ಟು ಗೊತ್ತಿತ್ತು: 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ನಿಂತಿರುವುದು ಇಟ್ಟಿಗೆ ಪುಡಿ, ಸುಣ್ಣ ಸೇರಿಸಿದ ಸುರ್ಕಿ ಗಾರೆಯಲ್ಲಿ. ನಮ್ಮ ಶಾಲೆ ಶುರುವಾದ ಆಸುಪಾಸಿನಲ್ಲೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಆರಂಭಿಸಿದರು. ಹೊಟ್ಟಿನ ಬೂದಿಯ ಈ ಗುಣವನ್ನು ಪರೀಕ್ಷಿಸಿ ಎಂ.ಆರ್. ಯೋಗಾನಂದ, ಕೆ.ಎಸ್. ಜಗದೀಶ್ 1988ರಲ್ಲಿ ಪ್ರಬಂಧ ಪ್ರಕಟಿಸಿದರು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐ.ಎಸ್. 456 ಕೂಡ 2000ದ ಆವೃತ್ತಿಯಲ್ಲಿ ಈ ಬೂದಿಗೆ ಷರತ್ತಿನ ಒಪ್ಪಿಗೆ ಕೊಟ್ಟಿದೆ.

ಇದನ್ನೆಲ್ಲ ಓದಿದ ಹುರುಪಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಪ್ಪ ಕೆಲಸ ಮಾಡುವ ಭಟ್ಟಿಯಿಂದಲೇ ಎರಡು ಚೀಲ ಬೂದಿ ಹೊತ್ತು ತಂದೆ. ಸಿಮೆಂಟಿನಲ್ಲಿ ಹತ್ತನೇ ಒಂದು ಪಾಲು ತೆಗೆದು ಬೂದಿ ಹಾಕಿ ಕ್ಯೂಬ್ ಮಾಡಿದೆವು. 28ನೇ ದಿನ ಯಂತ್ರದಲ್ಲಿ ಒತ್ತಿದರೆ, ಬರೀ ಸಿಮೆಂಟಿನವಕ್ಕಿಂತ ಬೇಗ ಒಡೆದವು. ತಪ್ಪು ನಮ್ಮದೇ. ಸುಮಾರು 700 ಡಿಗ್ರಿಯೊಳಗೆ ಹದವಾಗಿ ಸುಟ್ಟು ನುಣ್ಣಗೆ ಅರೆದ ಬೂದಿಯೇ ಇದಕ್ಕೆ ಬೇಕು. ಉರಿ ಹೆಚ್ಚಾದರೆ ಸಿಲಿಕಾ ಹರಳುಗಟ್ಟಿ ಮರಳಿನಂತೆ ಸುಮ್ಮನೆ ಕೂರುತ್ತದೆ. ಅರೆಬರೆ ಸುಟ್ಟರೆ ಇದ್ದಿಲು ಉಳಿದು ನೀರು ಹೀರುತ್ತದೆ. ನಾವು ಎಲ್ಲ ಬೆರೆತದ್ದನ್ನು ಅರೆಯದೆ ಹಾಕಿದ್ದೆವು.

ಅಪ್ಪನಿಗೆ ಹೇಳಿದೆ. “ನಾವು ಉರಿ ಹಾಕೋದು ಮಂಡಕ್ಕಿ ಅರಳ್ಲಿ ಅಂತ, ಬೂದಿಗೆ ಅಂತ ಅಲ್ಲಪ್ಪ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಒಲಿ ನಡುವಿನ ಬೂದಿನೇ ಬ್ಯಾರೆ, ಅಂಚಿಂದೇ ಬ್ಯಾರೆ ಇರ್ತೈತಿ. ಕೇಳಿದ್ರೆ ಬ್ಯಾರೆ ಬ್ಯಾರೆ ತುಂಬಿಸಿ ಕೊಡ್ತಿದ್ದೆ” ಎಂದರು.

ಅಷ್ಟು ಹೊತ್ತಿಗೆ ನಾವು ವರದಿ ಒಪ್ಪಿಸಿ ಆಗಿತ್ತು.