ಕಪ್ಪುದ್ರವ್ಯದ ಹೇಲೋ

ಗ್ಯಾಲಕ್ಸಿಯ ನಕ್ಷತ್ರ, ಅನಿಲ, ಧೂಳುಗಳನ್ನು ಒಳಗಿಟ್ಟುಕೊಂಡು ಅವುಗಳಾಚೆಗೂ ಬಹುದೂರ ಹರಡಿರುವ, ಬೆಳಕನ್ನು ಸೂಸದ, ಹೀರದ ದ್ರವ್ಯರಾಶಿ. ಇದರ ಇರವು ಗೊತ್ತಾಗುವುದು ಗುರುತ್ವದಿಂದ ಮಾತ್ರ. ನಮ್ಮ ಆಕಾಶಗಂಗೆಯಲ್ಲಿ ನಕ್ಷತ್ರಗಳ ತಟ್ಟೆಯ ತ್ರಿಜ್ಯ ಸುಮಾರು 50,000 ಜ್ಯೋತಿರ್ವರ್ಷ. ಹೇಲೋ ಆರೇಳು ಲಕ್ಷ ಜ್ಯೋತಿರ್ವರ್ಷಗಳವರೆಗೆ ಚಾಚಿದೆ ಎಂದು ಅಂದಾಜು. ಅದರ ರಾಶಿ ಸುಮಾರು ಒಂದು ಲಕ್ಷ ಕೋಟಿ ಸೂರ್ಯರಷ್ಟು. ನಕ್ಷತ್ರಗಳೆಲ್ಲ ಸೇರಿದರೂ ಐದಾರು ಸಾವಿರ ಕೋಟಿ ಸೂರ್ಯರಷ್ಟೇ.

ಪುರಾವೆಗಳು

1933ರಲ್ಲಿ ಫ್ರಿಟ್ಜ್ ಜ್ವಿಕಿ ಕೋಮಾ ಗ್ಯಾಲಕ್ಸಿ ಗುಚ್ಛವನ್ನು ಪರಿಶೀಲಿಸಿ, ಕಾಣುವ ದ್ರವ್ಯದ ಗುರುತ್ವ ಆ ಗುಚ್ಛವನ್ನು ಹಿಡಿದಿಡಲು ಸಾಲದು ಎಂದು ತೋರಿಸಿದರು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯ ಪರಿಭ್ರಮಣ ವೇಗವನ್ನು ಅಳೆದರು. ಸೂರ್ಯನಿಂದ ದೂರವಿರುವ ಗ್ರಹ ನಿಧಾನವಾಗಿ ಸುತ್ತುವಂತೆ ಗ್ಯಾಲಕ್ಸಿಯ ಅಂಚಿನ ವಸ್ತುಗಳೂ ನಿಧಾನವಾಗಬೇಕಿತ್ತು, ಹಾಗಾಗಲಿಲ್ಲ. ತಟ್ಟೆಯೊಂದು ಮುರಿಯದೆ ಉಳಿಯಬೇಕಾದರೆ ಸುತ್ತ ಭಾರವಾದ ಹೇಲೋ ಬೇಕು ಎಂದು 1973ರಲ್ಲಿ ಆಸ್ಟ್ರೈಕರ್ ಮತ್ತು ಪೀಬಲ್ಸ್ ವಾದಿಸಿದರು. 1978ರಲ್ಲಿ ಆಲ್ಬರ್ಟ್ ಬೋಸ್ಮಾ ನಕ್ಷತ್ರಗಳು ಮುಗಿದ ಮೇಲೂ ಉಳಿಯುವ ಜಲಜನಕದಲ್ಲಿ ವೇಗವನ್ನು ಅಳೆದಾಗ ಸಂಶಯಕ್ಕೆ ಹೆಚ್ಚು ಎಡೆ ಉಳಿಯಲಿಲ್ಲ.

ನ್ಯೂಟ್ರಿನೋ ಅಧ್ಯಾಯ

ಕಾಣದ ದ್ರವ್ಯ ಸೂಕ್ಷ್ಮ ಕಣಗಳ ರೂಪದಲ್ಲಿರಬಹುದು ಎಂಬ ಚಿಂತನೆಯ ಆರಂಭಿಕರಲ್ಲಿ ರಾಮನಾಥ ಕೌಶಿಕ್ ಒಬ್ಬರು. ಮೈಸೂರು ಮತ್ತು ಧಾರವಾಡಗಳಲ್ಲಿ ಓದಿದ ಅವರು ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾದರು. 1972ರಲ್ಲಿ ಅವರು ಮತ್ತು ಜಾನ್ ಮೆಕ್‌ಕ್ಲೆಲ್ಯಾಂಡ್ ವಿಶ್ವದ ಹಿಗ್ಗುವಿಕೆಯನ್ನು ಆಧರಿಸಿ ನ್ಯೂಟ್ರಿನೋ ಎಂಬ ಕಣದ ರಾಶಿಗೆ ಒಂದು ಮೇಲ್ಮಿತಿ ಹಾಕಿದರು. ಮರುವರ್ಷದ ಪ್ರಬಂಧದಲ್ಲಿ, ಕೆಲವೇ ಎಲೆಕ್ಟ್ರಾನ್‌ವೋಲ್ಟ್ ರಾಶಿಯ ನ್ಯೂಟ್ರಿನೋಗಳು ಗ್ಯಾಲಕ್ಸಿ ಗುಚ್ಛಗಳನ್ನು ಬಂಧಿಸಿಡಬಲ್ಲವು ಎಂದರು.

ಈ ನಿರ್ದಿಷ್ಟ ಉತ್ತರ ನಿಲ್ಲಲಿಲ್ಲ. ನ್ಯೂಟ್ರಿನೋಗಳನ್ನು ಸಣ್ಣ ಗ್ಯಾಲಕ್ಸಿಯೊಂದರ ಹೇಲೋದಲ್ಲಿ ಬೇಕಾದಷ್ಟು ಒತ್ತಾಗಿ ತುಂಬಲಾಗದು ಎಂದು 1979ರಲ್ಲಿ ಟ್ರೆಮೇನ್ ಮತ್ತು ಗನ್ ತೋರಿಸಿದರು. ಅವುಗಳ ರಾಶಿ ಒಂದು ಎಲೆಕ್ಟ್ರಾನ್‌ವೋಲ್ಟ್‌ಗೂ ಕಡಿಮೆ ಎಂಬುದು ಈಗ ಪ್ರಯೋಗಸಿದ್ಧ. ಆದರೆ ಕಾಣದ ದ್ರವ್ಯವನ್ನು ಮಂಕು ನಕ್ಷತ್ರಗಳಲ್ಲಿ ಹುಡುಕುತ್ತಿದ್ದ ಕಾಲದಲ್ಲಿ ಪ್ರಶ್ನೆಯನ್ನು ಕಣಭೌತಶಾಸ್ತ್ರದ ಅಂಗಳಕ್ಕೆ ತಂದದ್ದು ಈ ಪ್ರಬಂಧಗಳ ಮಹತ್ವ. 1996ರಲ್ಲಿ ಕೌಶಿಕ್ ಮತ್ತು ಸಹೋದ್ಯೋಗಿಗಳು ಆಕಾಶಗಂಗೆಯ ಹೇಲೋ ಕಣಗಳ ಸರಾಸರಿ ವೇಗ ಸೆಕೆಂಡಿಗೆ 600 ಕಿ.ಮೀ. ಅಥವಾ ಇನ್ನೂ ಹೆಚ್ಚು ಎಂದು ಲೆಕ್ಕ ಹಾಕಿದರು. ಅಂಗೀಕೃತ ಬೆಲೆ ಅದರ ಅರ್ಧಕ್ಕೂ ಕಡಿಮೆ. ಈ ಲೆಕ್ಕಕ್ಕೆ ಬಲವಾದ ಆಕ್ಷೇಪಗಳು ಬಂದವು.

ಹೇಲೋ ಮತ್ತು ಗ್ಯಾಲಕ್ಸಿ

ಮೊದಲು ಹೇಲೋ ಕೂಡಿಕೊಳ್ಳುತ್ತದೆ, ಅದರೊಳಗೆ ಬಿದ್ದ ಅನಿಲ ತಣಿದು ನಕ್ಷತ್ರಗಳಾಗುತ್ತದೆ ಎಂಬ ಚೌಕಟ್ಟು ಸೈಮನ್ ವೈಟ್ ಮತ್ತು ಮಾರ್ಟಿನ್ ರೀಸ್ ಅವರದು (1978). ವಿಶ್ವದ ಒಟ್ಟು ದ್ರವ್ಯದಲ್ಲಿ ಸಾಮಾನ್ಯ ದ್ರವ್ಯದ ಪಾಲು ನೂರಕ್ಕೆ ಸುಮಾರು 16. ಅದೆಲ್ಲವೂ ನಕ್ಷತ್ರವಾಗುವುದಿಲ್ಲ. ಅನಿಲವನ್ನು ನಕ್ಷತ್ರವಾಗಿಸುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಆಕಾಶಗಂಗೆಯಷ್ಟು ತೂಕದ ಹೇಲೋಗಳು. ಅಲ್ಲಿಯೂ ಹೇಲೋ ರಾಶಿಯ ನೂರಕ್ಕೆ ಮೂರರಿಂದ ಐದರಷ್ಟು ಮಾತ್ರ ನಕ್ಷತ್ರರೂಪದಲ್ಲಿದೆ. ಚಿಕ್ಕ ಹೇಲೋಗಳಲ್ಲಿ ಸೂಪರ್‌ನೋವಾ ಸ್ಫೋಟಗಳು ಅನಿಲವನ್ನು ಹೊರದಬ್ಬುತ್ತವೆ. ಬಹಳ ದೊಡ್ಡವುಗಳಲ್ಲಿ ನಡುವಿನ ಕಪ್ಪುಕುಳಿಯ ಚಟುವಟಿಕೆ ಅನಿಲವನ್ನು ತಣಿಯಗೊಡುವುದಿಲ್ಲ ಎಂಬುದು ಸದ್ಯದ ವಿವರಣೆ.

ಆಕಾರದ ಪ್ರಶ್ನೆ

ಪರಿಭ್ರಮಣ ವೇಗ ಹೇಳುವುದು ಇಂತಿಷ್ಟು ದೂರದೊಳಗೆ ಎಷ್ಟು ದ್ರವ್ಯವಿದೆ ಎಂದು. ಅದು ಚೆಂಡಿನಂತಿದೆಯೋ, ಚಪ್ಪಟೆಯೋ, ನೀಳವೋ ಎಂದು ತಿಳಿಯಬೇಕಾದರೆ ತಟ್ಟೆಯ ಮೇಲೆ ಕೆಳಗೆ ಏನಾಗುತ್ತಿದೆ ಎಂದು ನೋಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚಂದಾ ಜೋಗ್ ಮತ್ತು ಅವರ ವಿದ್ಯಾರ್ಥಿಗಳು ಹಿಡಿದದ್ದು ಈ ದಾರಿ.

21 ಸೆಂ.ಮೀ. ತರಂಗಾಂತರದ ರೇಡಿಯೋ ಅಲೆಗಳಿಂದ ಗುರುತಿಸುವ ಜಲಜನಕದ ಪದರ ಸೂರ್ಯನ ಆಸುಪಾಸಿನಲ್ಲಿ ಕೆಲವು ನೂರು ಜ್ಯೋತಿರ್ವರ್ಷ ದಪ್ಪವಿದ್ದರೆ ಹೊರ ಅಂಚಿನಲ್ಲಿ ಕೆಲವು ಸಾವಿರಕ್ಕೆ ಏರುತ್ತದೆ. ಅನಿಲದ ಅಡ್ಡಾದಿಡ್ಡಿ ಚಲನೆ ಪದರವನ್ನು ಉಬ್ಬಿಸುತ್ತದೆ. ನಕ್ಷತ್ರ, ಅನಿಲ, ಹೇಲೋಗಳ ಗುರುತ್ವ ಅದನ್ನು ಅದುಮುತ್ತದೆ. ಒಳಭಾಗದಲ್ಲಿ ಅದುಮುವ ಕೆಲಸ ಬಹುಪಾಲು ನಕ್ಷತ್ರಗಳದು. ಹೊರಗೆ ಹೋದಂತೆ ನಕ್ಷತ್ರಗಳು ವಿರಳವಾಗಿ ಹೇಲೋದ ಕೈ ಮೇಲಾಗುತ್ತದೆ. ರಾಶಿ ಒಂದೇ ಇದ್ದರೂ ಚಪ್ಪಟೆ ಹೇಲೋ ಹೆಚ್ಚು ಅದುಮುತ್ತದೆ, ಮೇಲೆ ಕೆಳಗೆ ನೀಳವಾದದ್ದು ಕಡಿಮೆ. ಹೀಗಾಗಿ ಪದರದ ದಪ್ಪವೇ ಹೇಲೋ ಆಕಾರದ ಅಳತೆಗೋಲು.

ಈ ವಿಧಾನದಿಂದ ಅರುಣಿಮಾ ಬ್ಯಾನರ್ಜಿ ಮತ್ತು ಜೋಗ್ 2008ರಲ್ಲಿ ಆಂಡ್ರೊಮಿಡಾದ ಹೇಲೋ ಚಪ್ಪಟೆ ಎಂದು ಕಂಡುಕೊಂಡರು: ಎತ್ತರ, ಅಗಲದ ಸುಮಾರು 0.4 ಪಾಲು. 2011ರಲ್ಲಿ ಆಕಾಶಗಂಗೆಗೆ ಬಂದ ಉತ್ತರ ಬೇರೆಯೇ: ಒಳಗೆ ಗೋಳಾಕಾರ, ಹೊರಗೆ ಹೋದಂತೆ ಹೆಚ್ಚು ಹೆಚ್ಚು ನೀಳ. ನಮಗೆ ಅಂಚಿನ ಕಡೆಯಿಂದ ಕಾಣುವ ತೆಳುವಾದ ಗ್ಯಾಲಕ್ಸಿ ಯುಜಿಸಿ 7321ರಲ್ಲಿ ಕಪ್ಪುದ್ರವ್ಯದ ಮೇಲುಗೈ ಕೇಂದ್ರದ ಬಳಿಯಿಂದಲೇ ಆರಂಭವಾಗುತ್ತದೆ ಎಂಬುದೂ ಇದೇ ಸರಣಿಯ ಫಲ. ಒಂದು ಎಚ್ಚರ ಅಗತ್ಯ. ಹೊರವಲಯದ ಅನಿಲದ ಅಡ್ಡಾದಿಡ್ಡಿ ವೇಗ ಸೆಕೆಂಡಿಗೆ 7 ಕಿ.ಮೀ.ಯೋ 9 ಕಿ.ಮೀ.ಯೋ ಎಂಬುದನ್ನು ಅವಲಂಬಿಸಿ ಉತ್ತರವೂ ಬದಲಾಗುತ್ತದೆ. ನಕ್ಷತ್ರಗಳ ಚಲನೆಯನ್ನು ಆಧರಿಸಿದ ಬೇರೆ ಅಧ್ಯಯನಗಳು ಆಕಾಶಗಂಗೆಗೆ ಬೇರೆ ಆಕಾರಗಳನ್ನೂ ಕೊಟ್ಟಿವೆ.

ಮಂಗಳೂರಿನಿಂದ ವೀಕ್ಷಣೆ

ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನವೆಂಬರ್ ರಾತ್ರಿಗಳಲ್ಲಿ ಆಂಡ್ರೊಮಿಡಾ ಇಲ್ಲಿನ ನೆತ್ತಿಯಿಂದ 28 ಡಿಗ್ರಿ ಉತ್ತರಕ್ಕೆ ಹಾಯುತ್ತದೆ. ನಗರದ ದೀಪಗಳಿಂದ ದೂರ ಹೋದರೆ ಬರಿಗಣ್ಣಿಗೆ ಕಾಣುವುದು ಅದರ ನಡುಭಾಗದ ಮಸುಕು ಚುಕ್ಕೆ ಮಾತ್ರ. ಇಡೀ ತಟ್ಟೆಯ ಉದ್ದ ಸುಮಾರು 3 ಡಿಗ್ರಿ. ಹೇಲೋ ಕಾಣುವಂತಿದ್ದರೆ 30 ಡಿಗ್ರಿಯಷ್ಟು, ಅಂದರೆ ಕೈ ಚಾಚಿ ಅಳೆದ ಒಂದೂವರೆ ಗೇಣು, ಆಕಾಶವನ್ನು ಆವರಿಸುತ್ತಿತ್ತು. ಧನು ರಾಶಿಯತ್ತ ಇರುವ ಆಕಾಶಗಂಗೆಯ ಕೇಂದ್ರ ರಾತ್ರಿಯಿಡೀ ಕಾಣಬೇಕಾದ ಜೂನ್–ಜುಲೈ ಕರಾವಳಿಗೆ ಮಳೆಗಾಲ. ಇಲ್ಲಿನವರಿಗೆ ಒದಗುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬೆಳಗಿನ ಜಾವ. ಮೋಡದ ತಿಂಗಳುಗಳಲ್ಲಿ ಆಕಾಶ ಪರಿಚಯಕ್ಕೆ 2018ರಲ್ಲಿ ಪಿಲಿಕುಳದಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯವಿದೆ.

ವಿವಾದಗಳು

ಕಂಪ್ಯೂಟರ್ ಅನುಕರಣೆಗಳಿಂದ 1996–97ರಲ್ಲಿ ನವಾರೊ, ಫ್ರೆಂಕ್, ವೈಟ್ ರೂಪಿಸಿದ ಸೂತ್ರದಂತೆ ಹೇಲೋದ ಸಾಂದ್ರತೆ ಕೇಂದ್ರದತ್ತ ಏರುತ್ತಲೇ ಹೋಗಬೇಕು. ಹಲವು ಕುಬ್ಜ ಗ್ಯಾಲಕ್ಸಿಗಳಲ್ಲಿ ಅದು ಸಮನಾಗಿ ನಿಂತುಬಿಡುತ್ತದೆ. ಹೇಲೋ ಬೇಡ, ಗುರುತ್ವದ ನಿಯಮವನ್ನೇ ತಿದ್ದಬೇಕು ಎಂಬ ಮಿಲ್ಗ್ರಮ್ ಅವರ ಪಕ್ಷ (1983) ಪರಿಭ್ರಮಣ ವೇಗಗಳನ್ನು ಚೆನ್ನಾಗಿ ವಿವರಿಸುತ್ತದೆ, ಗ್ಯಾಲಕ್ಸಿ ಗುಚ್ಛಗಳಲ್ಲಿ ಎಡವುತ್ತದೆ. ಗುಚ್ಛಗಳ ಸಾಕ್ಷ್ಯದಿಂದಾಗಿ ಹೆಚ್ಚಿನ ಸಂಶೋಧಕರು ಹೇಲೋ ಪಕ್ಷದಲ್ಲಿದ್ದಾರೆ. ಆದರೆ ಅದನ್ನು ಕಟ್ಟಿದ ಕಣವನ್ನು ಈವರೆಗೆ ಯಾವ ಪ್ರಯೋಗಶಾಲೆಯೂ ಖಚಿತವಾಗಿ ಹಿಡಿದಿಲ್ಲ.