ಪದಬಂಧದಿಂದ ರಮ್ಮಿ ಆ್ಯಪ್‌ವರೆಗೆ: ಬೆಂಗಳೂರು ಮರೆತ ತೀರ್ಪು

ಮೂರೇ ಮೂರು ದಿನ. 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಅಷ್ಟರಲ್ಲಿ ದೇಶದ ಹಣದ ಆನ್‌ಲೈನ್ ಆಟಗಳ ಉದ್ಯಮವೇ ಬಾಗಿಲು ಹಾಕಿಕೊಳ್ತು. ಭಾರತ ಕ್ರಿಕೆಟ್ ತಂಡದ ಜೆರ್ಸಿ ಮೇಲೆ ಹೆಸರು ಬರೆಸಿಕೊಂಡಿದ್ದ ಡ್ರೀಮ್ ಇಲೆವೆನ್ ಕೂಡ ಹಣ ಕಟ್ಟುವ ಆಟ ನಿಲ್ಲಿಸಿತು. ಎಲ್ಲರೂ ಹೇಳಿದ್ದು ಒಂದೇ ಮಾತು: "ಇದು ದಿಢೀರ್ ಆಘಾತ."

ನಿಜಕ್ಕೂ ದಿಢೀರಾ? ನೋಡಿ, ಈ ಕಥೆ ಶುರುವಾಗಿದ್ದು ಮೊಬೈಲ್ ಬಂದ ಮೇಲೆ ಅಲ್ಲ. ಎಪ್ಪತ್ತು ವರ್ಷದ ಹಿಂದೆ, ನಮ್ಮದೇ ಬೆಂಗಳೂರಿನಲ್ಲಿ.

ಆಗಿನ್ನೂ ಇದು ಮೈಸೂರು ರಾಜ್ಯ. ಬೆಂಗಳೂರಿನಲ್ಲಿ 'ಸ್ಪೋರ್ಟಿಂಗ್ ಸ್ಟಾರ್' ಅನ್ನೋ ಇಂಗ್ಲಿಷ್ ಪತ್ರಿಕೆ ಅಚ್ಚಾಗುತ್ತಿತ್ತು. ಅದರಲ್ಲಿ ಬರ್ತಿದ್ದ ಬಹುಮಾನದ ಪದಬಂಧ ಬಲು ಪ್ರಸಿದ್ಧ. ನಡೆಸುತ್ತಿದ್ದವರು ಆರ್.ಎಂ.ಡಿ. ಚಮರ್‌ಬಾಗ್‌ವಾಲಾ. ಪ್ರವೇಶ ಶುಲ್ಕ ಕಟ್ಟಿ, ಉತ್ತರ ತುಂಬಿ ಕಳಿಸಬೇಕು. ಕಂಪನಿ ಇರೋದು ಬೆಂಗಳೂರಲ್ಲಿ, ಪರವಾನಗಿ ಮೈಸೂರು ಸರ್ಕಾರದ್ದು. ಆದರೆ ಪತ್ರಿಕೆಗೆ ಬಾಂಬೆ ರಾಜ್ಯದಲ್ಲಿ ದೊಡ್ಡ ಪ್ರಸಾರ. ಅಲ್ಲಿನ ಆಟಗಾರರಿಂದ ಉತ್ತರ, ಶುಲ್ಕ ಸಂಗ್ರಹಿಸೋದಕ್ಕೆ ಅಲ್ಲೇ ಕೇಂದ್ರಗಳೂ ಇದ್ದವು.

ಯೋಚನೆ ಮಾಡಿ. ಆಟ ನಡೆಸೋರು ಒಂದು ಊರಲ್ಲಿ, ಆಡೋರು ಇನ್ನೊಂದು ರಾಜ್ಯದಲ್ಲಿ, ಮಧ್ಯೆ ಹಣ ಹರಿಸೋ ಜಾಲ. ಇಂಟರ್ನೆಟ್ ಒಂದಿಲ್ಲ ಅನ್ನೋದು ಬಿಟ್ರೆ ಇವತ್ತಿನ ಗೇಮಿಂಗ್ ಕಂಪನಿಗೂ ಇದಕ್ಕೂ ಏನು ವ್ಯತ್ಯಾಸ?

1952ರಲ್ಲಿ ಬಾಂಬೆ ಸರ್ಕಾರ ತನ್ನ ಕಾನೂನು ತಿದ್ದಿತು. ಹೊರಗೆ ಅಚ್ಚಾಗಿ ಒಳಗೆ ಬರುವ ಪತ್ರಿಕೆಗಳ ಸ್ಪರ್ಧೆಗೂ ಲೈಸೆನ್ಸು, ತೆರಿಗೆ ಅಂತು. ಕಂಪನಿ ಕೋರ್ಟಿಗೆ ಹೋಯಿತು. ನಾವಿರೋದು ಮೈಸೂರಿನಲ್ಲಿ, ಬಾಂಬೆಗೆ ನಮ್ಮ ಮೇಲೆ ಏನು ಅಧಿಕಾರ? ಇದು ಬುದ್ಧಿವಂತಿಕೆಯ ಆಟ, ನಮ್ಮದು ವ್ಯಾಪಾರ, ವ್ಯಾಪಾರ ಮಾಡೋದು ಸಂವಿಧಾನ ಕೊಟ್ಟ ಹಕ್ಕು. ಬಾಂಬೆ ಹೈಕೋರ್ಟಿನಲ್ಲಿ ಕಂಪನಿಯೇ ಗೆದ್ದಿತು.

ಆದರೆ 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಎಲ್ಲವನ್ನೂ ತಿರುವಿ ಹಾಕಿತು. ಪೀಠದ ಮುಖ್ಯಸ್ಥರು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್. ಬಾಂಬೆಯಲ್ಲಿ ಪತ್ರಿಕೆ ಮಾರ್ತೀರಿ, ಹಣ ಸಂಗ್ರಹಿಸ್ತೀರಿ, ಹಾಗಾಗಿ ಬಾಂಬೆಗೆ ಅಧಿಕಾರ ಇದೆ ಎಂದಿತು ಕೋರ್ಟು. ನಿಮ್ಮ ಉತ್ತರ ಎಷ್ಟೇ ಚೆನ್ನಾಗಿದ್ದರೂ ಮೊದಲೇ ಮುಚ್ಚಿಟ್ಟ ಉತ್ತರಕ್ಕೆ ಹೊಂದದಿದ್ದರೆ ಬಹುಮಾನ ಇಲ್ಲ. ಹಾಗಾದರೆ ಇದು ಜಾಣತನ ಅಲ್ಲ, ಅದೃಷ್ಟ. ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ಸಂವಿಧಾನದ ರಕ್ಷಣೆಯೂ ಇಲ್ಲ. ಋಗ್ವೇದದ ಜೂಜುಗಾರನ ಗೋಳು, ಮಹಾಭಾರತ, ಮನು, ಯಾಜ್ಞವಲ್ಕ್ಯ ಎಲ್ಲರೂ ಆ ತೀರ್ಪಿನಲ್ಲಿ ಬಂದು ಹೋಗ್ತಾರೆ.

ಅಷ್ಟರಲ್ಲಿ ಕೇಂದ್ರ ಸರ್ಕಾರವೂ 1955ರಲ್ಲಿ ಬಹುಮಾನ ಸ್ಪರ್ಧೆಗಳ ಕಾಯ್ದೆ ತಂದಿತ್ತು. ತಿಂಗಳಿಗೆ ಬಹುಮಾನದ ಮೊತ್ತ 1,000 ರೂಪಾಯಿ ದಾಟಬಾರದು. ಅಲ್ಲಿಗೆ ಆ ದಂಧೆಯ ಕಥೆ ಮುಗೀತು. ಆದರೆ ಅದೇ ದಿನ ಕೊಟ್ಟ ಇನ್ನೊಂದು ತೀರ್ಪಿನಲ್ಲಿ ಕೋರ್ಟು ಒಂದು ಕಿಟಕಿ ತೆರೆದಿಟ್ಟಿತು. ನಿಜವಾಗಿ ಕೌಶಲ್ಯದ ಮೇಲೆ ನಿಂತ ಸ್ಪರ್ಧೆಗೆ ಈ ಕಾಯ್ದೆ ತಾಗೋದಿಲ್ಲ ಎಂದಿತು.

ಆ ಕಿಟಕಿಯಲ್ಲಿ ಒಂದು ಇಡೀ ಉದ್ಯಮ ನುಗ್ಗಿ ಬಂತು!

1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸು. ರಮ್ಮಿ ಮುಖ್ಯವಾಗಿ ಕೌಶಲ್ಯದ ಆಟ ಎಂದಿತು ಸುಪ್ರೀಂ ಕೋರ್ಟ್. ಯಾವ ಎಲೆ ಬಿತ್ತು ಅಂತ ನೆನಪಿಡಬೇಕು, ಯಾವುದು ಇಟ್ಕೋಬೇಕು, ಯಾವುದು ಬಿಡಬೇಕು ಅಂತ ಲೆಕ್ಕ ಹಾಕಬೇಕು. 1996ರಲ್ಲಿ ಕುದುರೆ ರೇಸಿಗೂ ಅದೇ ಮುದ್ರೆ ಬಿತ್ತು. ಆನ್‌ಲೈನ್ ಕಂಪನಿಗಳು ಈ ಸಾಲುಗಳ ಮೇಲೆ ಸಾವಿರಾರು ಕೋಟಿ ಸುರಿದವು. ಆದರೆ 1967ರ ತೀರ್ಪಿನಲ್ಲೇ ಇನ್ನೊಂದು ಸಾಲಿತ್ತು. ಪಣ ಕಟ್ಟಿದ ಆಟದಿಂದ ಕ್ಲಬ್ಬಿನವರೇ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧ ಆಗಬಹುದು. ಮೊದಲನೇ ಸಾಲನ್ನ ಫ್ರೇಮ್ ಹಾಕಿಸಿದರು. ಎರಡನೇ ಸಾಲು ಓದಿದ್ದು ಎಷ್ಟು ಜನ?

ಮತ್ತೆ ನಮ್ಮ ಕರ್ನಾಟಕಕ್ಕೆ ಬನ್ನಿ. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟು ಅದನ್ನ ರದ್ದು ಮಾಡಿತು. ಕಂಪನಿಗಳು ಪಟಾಕಿ ಹೊಡೆಯೋ ಹೊತ್ತಿಗೆ ತೆರಿಗೆ ಇಲಾಖೆ ಬಾಗಿಲು ತಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್‌ಗೆ ಸುಮಾರು 21,000 ಕೋಟಿ ರೂಪಾಯಿಯ ಜಿಎಸ್‌ಟಿ ನೋಟಿಸ್! ಜಗಳ ಏನು? ಕಂಪನಿ ತನ್ನ ಕಮಿಷನ್‌ಗೆ ಮಾತ್ರ ತೆರಿಗೆ ಕಟ್ತೀನಿ ಅನ್ನುತ್ತೆ. ಆಟಗಾರರು ಕಟ್ಟಿದ ಪೂರ್ತಿ ಪಣಕ್ಕೆ ಕಟ್ಟು ಅನ್ನುತ್ತೆ ಇಲಾಖೆ. 2023ರ ಮೇನಲ್ಲಿ ಹೈಕೋರ್ಟು ನೋಟಿಸ್ ರದ್ದು ಮಾಡಿತು, ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೇ ತಡೆ ಕೊಟ್ಟಿತು. ಅಕ್ಟೋಬರ್ 1ರಿಂದ ಪಣದ ಮೇಲೆ 28 ಪರ್ಸೆಂಟ್ ತೆರಿಗೆ.

ಕೊನೆಗೆ 2025ರ ಕಾಯ್ದೆ. ಅದು ಹಳೇ ಜಗಳದ ಬೇರನ್ನೇ ಕಿತ್ತಿತು. ಕೌಶಲ್ಯವೋ ಅದೃಷ್ಟವೋ, ಏನಾದರೂ ಆಗಲಿ, ಹಣ ಕಟ್ಟಿ ಹಣ ಗೆಲ್ಲೋ ಆನ್‌ಲೈನ್ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟರೂ ಜೈಲು. ಬ್ಯಾಂಕು, ಪೇಮೆಂಟ್ ಕಂಪನಿಗಳು ಹಣ ದಾಟಿಸೋ ಹಾಗಿಲ್ಲ. ಹಣದ ನಲ್ಲಿ ಬಂದ್ ಆದ ಮೇಲೆ ಆ್ಯಪ್ ಇದ್ದು ಏನು ಪ್ರಯೋಜನ? ಮೊದಲು ಕೋರ್ಟು ಮೆಟ್ಟಿಲು ಹತ್ತಿದವರಲ್ಲಿ ಒಂದು ರಮ್ಮಿ ಕಂಪನಿ ಬಂದಿದ್ದೂ ನಮ್ಮ ಹೈಕೋರ್ಟಿಗೇ. ಆಮೇಲೆ ಆ ಅರ್ಜಿಗಳೆಲ್ಲ ಸುಪ್ರೀಂ ಕೋರ್ಟಿಗೆ ವರ್ಗವಾದವು.

ಈಗ ಹೇಳಿ, ಇದು ದಿಢೀರ್ ಆಘಾತವಾ? ಗಡಿಯ ತಕರಾರು, ತೆರಿಗೆಯ ತಕರಾರು, ಕೌಶಲ್ಯದ ತಕರಾರು: ಮೂರೂ 1950ರ ದಶಕದಲ್ಲೇ ಇದೇ ಬೆಂಗಳೂರಿನ ಒಂದು ಕಂಪನಿಯನ್ನ ಮುಗಿಸಿದ್ದವು. ಬಾಡಿಗೆ ಮನೆಯಲ್ಲಿ ಮಹಡಿ ಮೇಲೆ ಮಹಡಿ ಕಟ್ಟಿ, ಮಾಲೀಕ ಖಾಲಿ ಮಾಡು ಅಂದಾಗ ಅತ್ತರೆ ಹೇಗೆ?

ಹಾಗಂತ ಸರ್ಕಾರವೇನೂ ಸಾಚಾ ಅಲ್ಲ. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳ್ಕೋತಾರೆ ಅಂತ ಲೆಕ್ಕ ಕೊಟ್ಟಿದ್ದು ಇದೇ ಸರ್ಕಾರ. ಎರಡು ವರ್ಷದ ಹಿಂದೆ ಅದೇ ಪಣದ ಮೇಲೆ 28 ಪರ್ಸೆಂಟ್ ಎಣಿಸಿಕೊಂಡಿದ್ದೂ ಇದೇ ವ್ಯವಸ್ಥೆ. ವಿಷ ಅಂತ ಗೊತ್ತಿದ್ದರೆ ಅಂಗಡಿಯಿಂದ ತೆರಿಗೆ ವಸೂಲಿ ಮಾಡಿದ್ದು ಯಾಕೆ? ವಿಷ ಅಲ್ಲ ಅಂದ್ರೆ ಮೂರು ದಿನದಲ್ಲಿ ಬೀಗ ಯಾಕೆ? ಇದಕ್ಕೆ ಉತ್ತರ ಕೇಳೋ ಹಕ್ಕು ಕೆಲಸ ಕಳ್ಕೊಂಡ ಬೆಂಗಳೂರಿನ ಹುಡುಗರಿಗೂ ಇದೆ, ಅದಕ್ಕಿಂತ ಹೆಚ್ಚಾಗಿ ಗಂಡನ ಸಂಬಳ ಮೊಬೈಲಲ್ಲಿ ಕರಗಿದ್ದನ್ನ ನೋಡಿದ ಹೆಣ್ಣುಮಕ್ಕಳಿಗೂ ಇದೆ.

ನಿಮಗೊಂದು ಮಾತು. ನಾಳೆ ಇನ್ಯಾವುದೋ ಹೆಸರಲ್ಲಿ ಇನ್ಯಾವುದೋ ಆಟ ಬರುತ್ತೆ. "ಭಯ ಬೇಡ, ಕೋರ್ಟೇ ಒಪ್ಪಿದೆ" ಅಂತಾರೆ. ಆಗ ತೀರ್ಪಿನ ಎರಡನೇ ಸಾಲು ಕೇಳಿ. ಆಟದಲ್ಲಿ ಯಾರು ಗೆಲ್ತಾರೆ ಅನ್ನೋದಕ್ಕಿಂತ, ಪ್ರತಿ ಆಟದಲ್ಲೂ ಪಾಲು ಎತ್ತೋರು ಯಾರು ಅಂತ ಕೇಳಿ.